ಇಂಗ್ಲಿಷ್ ಕಲಿಸೋ ಟೀಚರಿಗೆ ಇಂಗ್ಲಿಷ್ ಕಲಿಸೋರು ಯಾರು?

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಅನ್ನು ಒಂದು ಭಾಷೆಯಾಗಿ ಕಲಿಸೋದು ಶುರುವಾಗಿದ್ದು 2007-08ರಲ್ಲಿ. ಅದಕ್ಕೂ ಮೊದಲು ಐದನೇ ಕ್ಲಾಸಿಗೆ ಬರುವವರೆಗೂ ಎಬಿಸಿಡಿ ಇರಲಿಲ್ಲ. ನಾನು ಆ ಹಳೇ ಬ್ಯಾಚಿನವನು.

ಒಂದು ಸಣ್ಣ ಲೆಕ್ಕ ಹಾಕೋಣ. 2007-08ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು 2017ರಲ್ಲಿ ಎಸ್‌ಎಸ್‌ಎಲ್‌ಸಿ, 2019ರಲ್ಲಿ ಪಿಯುಸಿ ಮುಗಿಸುತ್ತೆ. ಆಮೇಲೆ ಎರಡು ವರ್ಷದ ಶಿಕ್ಷಕ ತರಬೇತಿಗೆ ಸೇರಿದರೆ 2021ರ ಹೊತ್ತಿಗೆ ಮೇಷ್ಟ್ರು ಅಥವಾ ಮಿಸ್ ಆಗೋಕೆ ರೆಡಿ. ಅಂದರೆ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಕಲಿತ ತಲೆಮಾರು ಈಗ ಅದೇ ಶಾಲೆಗಳಿಗೆ ಕಲಿಸೋಕೆ ವಾಪಸ್ ಹೋಗೋ ವಯಸ್ಸಿಗೆ ಬಂದಿದೆ. ಹತ್ತು ವರ್ಷ ಇಂಗ್ಲಿಷ್ ಓದಿದ ಮೇಲೂ ಅವರಿಗೆ ಇಂಗ್ಲಿಷ್‌ನಲ್ಲಿ ನಾಲ್ಕು ಮಾತಾಡೋ ಧೈರ್ಯ ಇಲ್ಲದಿದ್ದರೆ, ಅವರ ಮುಂದೆ ಕೂರೋ ಮಕ್ಕಳ ಕಥೆ ಏನು?

ಗುಬ್ಬಿಯ ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಸರಿಯಾಗಿ ಸಿಗದ ಹುಡುಗಿ ಪಿಯುಸಿ ಮುಗಿಸಿ, ತುಮಕೂರಿನಲ್ಲಿ ತರಬೇತಿ ಪಡೆದು, ಕುಣಿಗಲ್ಲಿನ ಇನ್ನೊಂದು ಹಳ್ಳಿ ಶಾಲೆಗೆ ಟೀಚರಾಗಿ ಹೋಗ್ತಾಳೆ. ಈ ಚಕ್ರ ಮುರಿಯೋಕೆ ಸಿಗೋ ಒಂದೇ ಗಟ್ಟಿ ಅವಕಾಶ ನಡುವಿನ ಆ ಎರಡು ವರ್ಷದ ತರಬೇತಿ. ಈ ಲೇಖನ ಇರೋದು ಆ ಎರಡು ವರ್ಷದ ಬಗ್ಗೆ.

ಮೊದಲು ಹೆಸರುಗಳು ಅರ್ಥ ಆಗಲಿ

ನಮ್ಮ ಅಪ್ಪ-ಅಮ್ಮನ ಕಾಲದಲ್ಲಿ ಟಿಸಿಎಚ್ ಅಂತಿದ್ದರು. ಆಮೇಲೆ ಅದು ಡಿ.ಇಡಿ ಆಯಿತು. ಈಗ ಡಿ.ಎಲ್.ಇಡಿ, ಅಂದರೆ ಪ್ರಾಥಮಿಕ ಶಿಕ್ಷಣ ಡಿಪ್ಲೊಮಾ. ಪಿಯುಸಿ ಮುಗಿಸಿದವರಿಗೆ ಎರಡು ವರ್ಷದ ಕೋರ್ಸು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಒಂದರಿಂದ ಐದನೇ ತರಗತಿಗೆ ಕಲಿಸೋಕೆ ಬಿ.ಇಡಿ ಅರ್ಹತೆ ಆಗಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಚಿಕ್ಕ ಮಕ್ಕಳಿಗೆ ಕಲಿಸೋದೇ ಬೇರೆ ಕಸುಬು, ಅದಕ್ಕೆ ಬೇರೆ ತರಬೇತಿ ಬೇಕು ಅನ್ನೋದು ಆ ತೀರ್ಪಿನ ಸಾರ. ಹಾಗಾಗಿ ಮುಚ್ಚಿಹೋಗುತ್ತೆ ಅಂದುಕೊಂಡಿದ್ದ ಡಿ.ಎಲ್.ಇಡಿಗೆ ಮತ್ತೆ ಬೆಲೆ ಬಂತು.

ಈ ಕೋರ್ಸಿನ ಜಿಲ್ಲಾ ಕೇಂದ್ರ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ದೇಶದಾದ್ಯಂತ ಇವು ಹುಟ್ಟಿಕೊಂಡವು. ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆಗಳು ಎರಡು: ತುಮಕೂರು ಮತ್ತು ಮಧುಗಿರಿ. ಗುಬ್ಬಿ, ಕುಣಿಗಲ್ ಎರಡೂ ತುಮಕೂರಿನ ಕಡೆಗೆ ಬರುತ್ತವೆ. ರಾಜ್ಯ ಮಟ್ಟದಲ್ಲಿ ಪಠ್ಯಕ್ರಮ ನೋಡಿಕೊಳ್ಳೋದು ಡಿಎಸ್‌ಇಆರ್‌ಟಿ. ದೇಶ ಮಟ್ಟದಲ್ಲಿ ಕೋರ್ಸಿನ ನಿಯಮ ಬರೆಯೋದು ಎನ್‌ಸಿಟಿಇ.

ಇನ್ನೊಂದು ಹೆಸರು ನೆನಪಿಡಿ. ಬೆಂಗಳೂರಿನ ಜ್ಞಾನಭಾರತಿಯಲ್ಲಿರೋ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. 1963ರಿಂದ ದಕ್ಷಿಣ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡ್ತಿದೆ. ಆದರೆ ಅಲ್ಲಿನ 30 ದಿನದ ಸರ್ಟಿಫಿಕೇಟ್ ಕೋರ್ಸು ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರಿಗೆ. ಕೆಲಸಕ್ಕೆ ಸೇರೋ ಮೊದಲು ಆಗಬೇಕಾದ್ದನ್ನ ಸೇರಿದ ಮೇಲೆ ಒಂದು ತಿಂಗಳಲ್ಲಿ ತುಂಬಿಸೋ ಪ್ರಯತ್ನ ಅದು. ಅದೂ ಎಲ್ಲರಿಗೂ ಸಿಗಲ್ಲ.

'ಇಂಗ್ಲಿಷ್ ಮಿಸ್' ಅಂತ ಬೇರೆ ಯಾರೂ ಇಲ್ಲ

ಸಿಟಿ ಪ್ರೈವೇಟ್ ಶಾಲೆಗಳಲ್ಲಿ ಓದಿದವರಿಗೆ ಇದು ಹೊಳೆಯಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳಿರೋ ತನಕ ಇಬ್ಬರು ಶಿಕ್ಷಕರು. ಹಾಗಲವಾಡಿ, ಹುಲಿಯೂರುದುರ್ಗದಂಥ ಹೋಬಳಿಗಳ ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಅನ್ವಯ ಆಗೋದು ಇದೇ ಲೆಕ್ಕ. ನಲಿಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರ್ತಾರೆ. ಅವರಿಗೆ ಕನ್ನಡ, ಗಣಿತ, ಪರಿಸರ, ಇಂಗ್ಲಿಷ್ ಎಲ್ಲವನ್ನೂ ಕಲಿಸೋದು ಒಬ್ಬರೇ.

ಅಂದರೆ ಪ್ರಾಥಮಿಕ ಶಾಲೆಗೆ ಹೋಗೋ ಪ್ರತಿಯೊಬ್ಬ ಟೀಚರೂ ಇಂಗ್ಲಿಷ್ ಟೀಚರೇ. "ನನಗೆ ಗಣಿತ ಇಷ್ಟ, ಇಂಗ್ಲಿಷ್ ಬೇರೆಯವರು ನೋಡ್ಕೋತಾರೆ" ಅನ್ನೋ ಆಯ್ಕೆಯೇ ಇಲ್ಲ. ಪ್ರತಿಭಾವಂತ ನಾಲ್ಕು ಜನರನ್ನ ಆರಿಸಿ ಮಾಸ್ಟರ್ ಟ್ರೈನರ್ ಮಾಡಿ, ಅವರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಅಂತ ಇಳಿಸ್ತಾ ಹೋಗೋ ತರಬೇತಿ ಇಲ್ಲಿ ಸೋಲೋದು ಇದಕ್ಕೇ. ಮೇಲಿಂದ ಸುರಿದ ನೀರು ಕೊನೇ ಮಡಿಗೆ ಬರೋ ಹೊತ್ತಿಗೆ ಕಾಲುವೆಯೇ ಕುಡಿದುಬಿಟ್ಟಿರುತ್ತೆ.

ಬಾಯಿ ಬಿಡದೆ ಪಾಸಾಗೋ ಪರೀಕ್ಷೆ

ಡಿ.ಎಲ್.ಇಡಿ ಆದ ಮೇಲೆ ಟಿಇಟಿ ಪಾಸಾಗಬೇಕು. ಒಂದರಿಂದ ಐದನೇ ತರಗತಿಯ ಪತ್ರಿಕೆಯಲ್ಲಿ 150 ಪ್ರಶ್ನೆ, 150 ಅಂಕ. ಮಕ್ಕಳ ವಿಕಾಸ, ಮೊದಲ ಭಾಷೆ, ಎರಡನೇ ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ಸಾಮಾನ್ಯ ವರ್ಗದವರಿಗೆ 60% ಬಂದರೆ ಪಾಸು. ಕನ್ನಡವನ್ನ ಮೊದಲ ಭಾಷೆಯಾಗಿ ತಗೊಂಡವರಿಗೆ ಎರಡನೆಯದು ಇಂಗ್ಲಿಷ್.

ಎಲ್ಲವೂ ನಾಲ್ಕರಲ್ಲಿ ಒಂದನ್ನ ಆರಿಸೋ ಪ್ರಶ್ನೆಗಳೇ. ಒಟ್ಟು ಅಂಕ ಮಾತ್ರ ಲೆಕ್ಕ. ಇಂಗ್ಲಿಷ್ ಭಾಗದಲ್ಲಿ ಕಡಿಮೆ ಬಂದರೂ ಉಳಿದ ಕಡೆ ಎತ್ತಿಕೊಳ್ಳಬಹುದು. ಒಂದು ವಾಕ್ಯ ಮಾತಾಡೋ ಅಗತ್ಯ ಇಲ್ಲ, ಒಂದು ಪದ್ಯ ಜೋರಾಗಿ ಓದೋ ಅಗತ್ಯ ಇಲ್ಲ, ಕೇಳಿ ಅರ್ಥ ಮಾಡ್ಕೊಳ್ಳೋ ಅಗತ್ಯವೂ ಇಲ್ಲ. ಆದರೆ ಒಂದನೇ ಕ್ಲಾಸಿನ ಟೀಚರಿಗೆ ಬೇಕಾಗಿರೋದು ಈ ಮೂರೇ. ಪರೀಕ್ಷೆ ಏನನ್ನ ಅಳೆಯುತ್ತೋ ತರಬೇತಿಯೂ ಅದರ ಹಿಂದೆಯೇ ಓಡುತ್ತೆ. ಗೈಡು ಬಾಯಿಪಾಠ ಮಾಡೋದಕ್ಕೆ ಪ್ರಶಿಕ್ಷಣಾರ್ಥಿಗಳನ್ನ ಬೈದು ಪ್ರಯೋಜನ ಇಲ್ಲ.

ಫಲಿತಾಂಶ? ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲ ಐದನೇ ಕ್ಲಾಸಿನ ಮಕ್ಕಳು 2016ರಲ್ಲಿ 24.7%, 2022ರಲ್ಲಿ 24.5%. ಆರು ವರ್ಷದಲ್ಲಿ ಮುಳ್ಳು ಅಲುಗಿಲ್ಲ.

ಕಲಿಯೋದು ಬೇರೆ, ಕಲಿಸೋದು ಬೇರೆ

ಇಲ್ಲಿ ಎರಡು ಕೆಲಸಗಳಿವೆ. ಒಂದು, ಪ್ರಶಿಕ್ಷಣಾರ್ಥಿ ತಾನೇ ಇಂಗ್ಲಿಷ್ ಕಲಿಯೋದು. ಎರಡು, ಅದನ್ನ ಆರು ವರ್ಷದ ಮಗುವಿಗೆ ಕಲಿಸೋ ಬಗೆ ತಿಳಿಯೋದು. ಚೆನ್ನಾಗಿ ಇಂಗ್ಲಿಷ್ ಬರೋರೆಲ್ಲ ಚೆನ್ನಾಗಿ ಕಲಿಸಲ್ಲ. ಆದರೆ ಬಾರದೇ ಇರೋರು ಕಲಿಸೋಕೆ ಆಗೋದೇ ಇಲ್ಲ.

ಕನ್ನಡದಲ್ಲಿ 'ಕ' ಅನ್ನೋ ಅಕ್ಷರದ ಹೆಸರೂ 'ಕ', ಉಚ್ಚಾರಣೆಯೂ 'ಕ'. ಅಕ್ಷರ ಬಂದರೆ ಓದು ಬಂದ ಹಾಗೆ. ಇಂಗ್ಲಿಷ್ ಹಾಗಲ್ಲ. 'ಸಿ, ಎ, ಟಿ' ಅಂತ ಮೂರು ಹೆಸರು ಹೇಳಿಸಿ ಕೊನೆಗೆ 'ಕ್ಯಾಟ್' ಅಂದರೆ ಮಗುವಿಗೆ ಅದು ಮ್ಯಾಜಿಕ್ಕು. ಮೂರು ಹೆಸರಲ್ಲಿ ಎಲ್ಲೂ 'ಕ್ಯಾ' ಇರಲಿಲ್ಲವಲ್ಲ! ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿ ಕಲಿಸಬೇಕು ಅನ್ನೋದು ಹೊರಟಿರೋದು ಇಲ್ಲಿಂದ. ಇದನ್ನ ಟೀಚರಿಗೆ ಯಾರಾದರೂ ಕೂತು ಬಿಡಿಸಿ ಹೇಳಿರಬೇಕು.

ಇನ್ನು ನಮ್ಮ ಬಾಯಿಯ ಸಂಗತಿ. ಕನ್ನಡದಲ್ಲಿ ಪದಗಳು ಸ್ವರದಲ್ಲಿ ಮುಗಿಯೋದೇ ಹೆಚ್ಚು, ಹಾಗಾಗಿ ಬಸ್ 'ಬಸ್ಸು' ಆಗುತ್ತೆ, ಪೆನ್ 'ಪೆನ್ನು' ಆಗುತ್ತೆ. ಪದದ ಶುರುವಿನ 'ಎ'ಗೆ ಯಕಾರ, 'ಒ'ಗೆ ವಕಾರ ಅಂಟಿಕೊಳ್ಳುತ್ತೆ. ನಮ್ಮ ಕಡೆ ಹಾಲು 'ಆಲು' ಆಗೋ ಹಾಗೆ ಇಂಗ್ಲಿಷ್‌ನ ಹಕಾರವೂ ಹಾರಿಹೋಗುತ್ತೆ. ವಾಕ್ಯದ ಜೋಡಣೆಯೂ ತಿರುಗುಮುರುಗು. ನಮ್ಮಲ್ಲಿ ಕ್ರಿಯಾಪದ ಕೊನೆಗೆ, ಅವರಲ್ಲಿ ನಡುವೆ. ನಮ್ಮ 'ಮೇಲೆ' ಮೇಜಿನ ಆಚೆ ಬರುತ್ತೆ, ಅವರ 'ಆನ್' ಟೇಬಲ್ಲಿನ ಮುಂಚೆಯೇ. 'ಎ', 'ದ' ಅನ್ನೋವಕ್ಕೆ ಸಮನಾದ್ದೇ ನಮ್ಮಲ್ಲಿಲ್ಲ.

ಇದ್ಯಾವುದೂ ದಡ್ಡತನ ಅಲ್ಲ. ಎರಡು ಭಾಷೆಗಳ ರಚನೆಯ ವ್ಯತ್ಯಾಸ, ಅಷ್ಟೇ. ಇದನ್ನ ಗೊತ್ತುಮಾಡಿಕೊಂಡ ಟೀಚರ್ ತನ್ನ ಉಚ್ಚಾರಣೆಗೆ ನಾಚಿಕೊಳ್ಳಲ್ಲ, ಮಗುವಿನ ಉಚ್ಚಾರಣೆಗೆ ನಗೋದೂ ಇಲ್ಲ. ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ವೈವಾದಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನೆ ನಿಂತ ಕನ್ನಡ ಮೀಡಿಯಂ ಹುಡುಗರಲ್ಲಿ ನಾನೂ ಒಬ್ಬ. ಆ ಮೌನಕ್ಕೆ ಕಾರಣ ಗ್ರಾಮರ್ ಕೊರತೆಗಿಂತ ಹೆಚ್ಚಾಗಿ ನಾಚಿಕೆ. ಅದನ್ನ ಬಿಡಿಸೋ ಕೆಲಸ ಒಂದನೇ ಕ್ಲಾಸಲ್ಲೇ ಆಗಬೇಕು.

ಪಕ್ಕದಲ್ಲೇ ಹುಟ್ಟಿದ ಪ್ರಯೋಗ

ತಮಾಷೆ ಅಂದರೆ, ಭಾಷೆ ಕಲಿಸೋ ಬಗ್ಗೆ ಜಗತ್ತೇ ಚರ್ಚಿಸಿದ ಒಂದು ಪ್ರಯೋಗಕ್ಕೆ ಬೆಂಗಳೂರಿನ ಹೆಸರೇ ಇದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಮತ್ತು ಜೊತೆಗಾರರು, ಇದೇ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ, ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ 'ಬೆಂಗಳೂರು ಪ್ರಾಜೆಕ್ಟ್' ಅದು. ಅವರ ವಾದ ಸರಳ: ಗ್ರಾಮರ್ ಪಾಠ ಬಿಡಿ, ಮಕ್ಕಳಿಗೆ ತಲೆ ಓಡಿಸೋ ಕೆಲಸ ಕೊಡಿ. ನಕ್ಷೆ, ವೇಳಾಪಟ್ಟಿ, ಬೆಲೆಯ ಲೆಕ್ಕ. ಮಗುವಿನ ಗಮನ ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತೆ. ಪ್ರಭು 1987ರಲ್ಲಿ ಇದನ್ನ ಪುಸ್ತಕವಾಗಿ ತಂದರು.

ನಮ್ಮ ಕಡೆಗೆ ಹೊಂದಿಸಿಕೊಂಡರೆ ಹೀಗೆ. ತುಮಕೂರಿಂದ ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್ ಮೇಲೆ ತಿಪಟೂರಿಗೆ ಹೋಗೋ ರೈಲಿನ ವೇಳಾಪಟ್ಟಿ ಬೋರ್ಡ್ ಮೇಲೆ ಬರೆಯಿರಿ. ಗುಬ್ಬಿಗೆ ಎಷ್ಟು ಗಂಟೆಗೆ ಬರುತ್ತೆ, ಅಲ್ಲಿಂದ ನಿಟ್ಟೂರಿಗೆ ಎಷ್ಟು ನಿಮಿಷ, ಹತ್ತು ನಿಮಿಷ ತಡವಾದರೆ ತಿಪಟೂರು ಎಷ್ಟು ಹೊತ್ತಿಗೆ? ಪ್ರಶ್ನೆ ಇಂಗ್ಲಿಷಲ್ಲಿ, ಉತ್ತರ ಒಂದು ಪದದಲ್ಲಾದರೂ ಸರಿ. ದೊಡ್ಡ ಮಕ್ಕಳಿಗೂ ಆಗುತ್ತೆ, ಡಯಟ್ ತರಗತಿಗೂ ಆಗುತ್ತೆ.

ಆ ಪ್ರಯೋಗದಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಆಮೇಲೆ ಅದನ್ನ ಅಧ್ಯಯನ ಮಾಡಿದ ಅಲನ್ ಬೆರೆಟಾ, ಹೊರಗಿಂದ ಬಂದು ಕಲಿಸಿದ ನುರಿತವರಿಗೆ ದಕ್ಕಿದಷ್ಟು ಈ ವಿಧಾನ ಶಾಲೆಯ ಮಾಮೂಲಿ ಶಿಕ್ಷಕರಿಗೆ ದಕ್ಕಲಿಲ್ಲ ಅಂತ ಕಂಡುಕೊಂಡರು. ಐಡಿಯಾ ಎಷ್ಟೇ ಒಳ್ಳೇದಿರಲಿ, ಟೀಚರಿಗೆ ಭಾಷೆಯ ಹಿಡಿತ ಮತ್ತು ಅಭ್ಯಾಸಕ್ಕೆ ಸಮಯ ಕೊಡದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತೆ.

ಸಮಯ ಎಲ್ಲಿದೆ? ಲೆಕ್ಕ ನೋಡಿ

ಎನ್‌ಸಿಟಿಇಯ 2014ರ ನಿಯಮ ಪ್ರಕಾರ ಡಿ.ಎಲ್.ಇಡಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ಎರಡು ವರ್ಷಕ್ಕೆ 400. ಅದರಲ್ಲಿ ಶಾಲೆಗಳಲ್ಲಿ ಕಳೆಯಬೇಕಾದ್ದು 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ವಾರಕ್ಕೆ ಆರು ದಿನ ಅಂದರೆ 120 ದಿನ. ಉಳಿದದ್ದು 280 ದಿನ. ಪಠ್ಯದ ಇಂಗ್ಲಿಷ್ ಪೀರಿಯಡ್ ಬಿಟ್ಟು, ದಿನಕ್ಕೆ ಬರೀ ಅರ್ಧ ಗಂಟೆ ಮಾತಿಗೆ ಮೀಸಲಿಟ್ಟರೆ 140 ಗಂಟೆ. ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ.

ಆ ಅರ್ಧ ಗಂಟೆಯಲ್ಲಿ ಏನು ಮಾಡೋದು?

ಮೊದಲಿಗೆ ತರಗತಿಯ ಮಾತು. ಬನ್ನಿ, ಕೂತ್ಕೊಳ್ಳಿ, ಪುಸ್ತಕ ತೆಗೀರಿ, ಇನ್ನೊಮ್ಮೆ ಹೇಳು, ಶಭಾಷ್. ಇಂಥ ಐವತ್ತು ವಾಕ್ಯ ಇಂಗ್ಲಿಷಲ್ಲಿ ನಾಲಿಗೆ ಮೇಲಿದ್ದರೆ ಟೀಚರ್ ಪಾಠ ಶುರುಮಾಡೋ ಮೊದಲೇ ಮಗುವಿನ ಕಿವಿಗೆ ಭಾಷೆ ಬಿದ್ದಿರುತ್ತೆ.

ಎರಡನೆಯದು ಕಥೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ವಾರಕ್ಕೊಂದು ಕಥೆ ಜೋರಾಗಿ ಓದಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ, ತಾನೇ ಕೇಳಿ, ಮತ್ತೆ ಓದೋದು.

ಮೂರನೆಯದು ಮಗುವಿಗೆ ಆಗಲೇ ಗೊತ್ತಿರೋ ಇಂಗ್ಲಿಷ್. ಬಸ್ಸು, ಕರೆಂಟು, ಚಾರ್ಜರ್, ಬ್ಯಾಟು, ಟೊಮೆಟೊ. ಗುಬ್ಬಿ ಸಂತೆಗೆ ಹೋಗಿ ಬಂದ ಮಗುವಿನ ಬಾಯಲ್ಲಿ ಇಂಥ ಹತ್ತಾರು ಪದಗಳಿರುತ್ತವೆ. ಸೊನ್ನೆಯಿಂದ ಯಾರೂ ಶುರುಮಾಡ್ತಿಲ್ಲ.

ಇದು ಕನ್ನಡಕ್ಕೆ ದ್ರೋಹ ಅಲ್ವಾ?

ಈ ಪ್ರಶ್ನೆ ಬಂದೇ ಬರುತ್ತೆ, ಬರಬೇಕು ಕೂಡ. ಗೋಕಾಕ್ ಚಳವಳಿಯ ನಾಡು ಇದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನ ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಅಂತ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ ಮೇಲೆ ಕನ್ನಡ ಶಾಲೆಗೆ ಕಾನೂನಿನ ಬೇಲಿ ಉಳಿದಿಲ್ಲ. ಈಗ ಅದನ್ನ ಕಾಯಬೇಕಾದ್ದು ಅದರ ಗುಣಮಟ್ಟವೇ. ಕನ್ನಡ ಶಾಲೆಯಲ್ಲೇ ಒಳ್ಳೇ ಇಂಗ್ಲಿಷ್ ಸಿಗುತ್ತೆ ಅಂತ ಗೊತ್ತಾದರೆ ಕೂಲಿ ಮಾಡೋ ಅಪ್ಪ ಸಾಲ ಮಾಡಿ ಕಾನ್ವೆಂಟ್ ವ್ಯಾನಿಗೆ ದುಡ್ಡು ಕಟ್ಟಬೇಕಿಲ್ಲ.

ಸರ್ಕಾರ ಹಿಡಿದದ್ದು ಉಲ್ಟಾ ದಾರಿ. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಇಂಗ್ಲಿಷನ್ನ ಒಂದು ಭಾಷೆಯಾಗಿ ಕಲಿಸೋಕೇ ಬೆವರೋ ವ್ಯವಸ್ಥೆ, ಗಣಿತವನ್ನೂ ಪರಿಸರವನ್ನೂ ಇಂಗ್ಲಿಷಲ್ಲೇ ಕಲಿಸ್ತೀನಿ ಅಂತ ಹೊರಡೋದು. ಬೋರ್ಡ್ ಬದಲಾಯಿಸೋದು ಒಂದು ದಿನದ ಕೆಲಸ. ಟೀಚರನ್ನ ತಯಾರು ಮಾಡೋಕೆ ಎರಡು ವರ್ಷ ಬೇಕು.

ನೆನಪಿರಲಿ, ಇಂಗ್ಲಿಷ್ ಪಾಠ ಹೇಳುತ್ತಲೇ ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿದ ಬಿ.ಎಂ. ಶ್ರೀಕಂಠಯ್ಯ ಹುಟ್ಟಿದ್ದು ಇದೇ ಜಿಲ್ಲೆಯ ಸಂಪಿಗೆಯಲ್ಲಿ. ಎರಡು ಭಾಷೆ ಒಂದೇ ಮನೆಯಲ್ಲಿ ಜಗಳ ಇಲ್ಲದೆ ಇರಬಲ್ಲವು.

ಯಾರನ್ನ ಕೇಳಬೇಕು?

ಕೇಳಬೇಕಾದ್ದು ನಾಲ್ಕೇ. ಡಿ.ಎಲ್.ಇಡಿಯಲ್ಲಿ ಮಾತು ಮತ್ತು ಜೋರಾದ ಓದಿಗೆ ಅಂಕ ಇರಲಿ. ಡಯಟ್‌ಗಳಲ್ಲಿ ಇಂಗ್ಲಿಷ್ ಬೋಧನೆಯ ಹುದ್ದೆ ಖಾಲಿ ಬಿಡಬೇಡಿ. ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿ ಕೆಲಸಕ್ಕೆ ಸೇರೋ ಮುಂಚೆಯೇ ಪ್ರಶಿಕ್ಷಣಾರ್ಥಿಗಳಿಗೂ ಸಿಗಲಿ. 16 ವಾರದ ಇಂಟರ್ನ್‌ಶಿಪ್‌ನಲ್ಲಿ ಇಂಗ್ಲಿಷ್ ಪಾಠವನ್ನ ಯಾರಾದರೂ ಕೂತು ನೋಡಿ, ತಿದ್ದಲಿ.

ಇದನ್ನ ವಿಧಾನ ಪರಿಷತ್ತಿನಲ್ಲಿ ಕೇಳೋಕೆ ಶಿಕ್ಷಕರ ಪ್ರತಿನಿಧಿ ಇದ್ದಾರಲ್ಲ ಅಂತೀರಾ? ತುಮಕೂರು ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಸೇರುತ್ತೆ, ನಿಜ. ಆದರೆ ಸಂವಿಧಾನದ 171ನೇ ವಿಧಿ ಪ್ರಕಾರ ಆ ಕ್ಷೇತ್ರದಲ್ಲಿ ಮತ ಇರೋದು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದ ಶಿಕ್ಷಕರಿಗೆ ಮಾತ್ರ. ನಮ್ಮ ಮಕ್ಕಳಿಗೆ ಮೊದಲ ಅಕ್ಷರ ಕಲಿಸೋರಿಗೆ ಅಲ್ಲಿ ವೋಟೇ ಇಲ್ಲ. ಹಾಗಾಗಿ ಅವರ ಪರವಾಗಿ ಕೇಳೋ ಕೆಲಸ ವೋಟಿರೋ ನಮ್ಮದು. ಮುಂದಿನ ಸಲ ಎಂಎಲ್‌ಎ ಊರಿಗೆ ಬಂದಾಗ ರಸ್ತೆ, ಚರಂಡಿ ಜೊತೆ ಇದನ್ನೂ ಪಟ್ಟಿಗೆ ಸೇರಿಸಿ.