ಮುಡಿ ಹೇಳುವ ಮಾತು

ನಮ್ಮ ಹಳೆಯ ಚಿತ್ರಗಳಲ್ಲಿ ಹೆಣ್ಣಿನ ಮುಖಕ್ಕಿಂತ ಅವಳ ಮುಡಿಯೇ ಹೆಚ್ಚು ಮಾತನಾಡುತ್ತದೆ. ಯಾದಗಿರಿಯಿಂದ ಶಹಾಪುರದ ಮೇಲೆ ಹಾಯ್ದು ಸುರಪುರ ಸೇರಿದವರಿಗೆ ಇದರ ಸಾಕ್ಷ್ಯ ದೊರೆಯುತ್ತದೆ. 1705ರಲ್ಲಿ ವಾಗಣಗೇರಿ ಕೋಟೆ ಔರಂಗಜೇಬನ ವಶವಾದ ತರುವಾಯ ಬೇಡ ನಾಯಕರು ಸುರಪುರದಲ್ಲಿ ನೆಲೆಯೂರಿದರು. ಅಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಚಿನ್ನದ ರೇಕು ಹಚ್ಚಿ ಚಿತ್ರ ಬರೆದರು.

ಈ ಚಿತ್ರಗಳಲ್ಲಿ ಮುಖ ಬಹುಮಟ್ಟಿಗೆ ಒಂದೇ ಮಾದರಿಯದು. ದೇವಿ ಯಾರು, ಗೃಹಿಣಿ ಯಾರು ಎಂದು ತಿಳಿಯಬೇಕಾದರೆ ನಮ್ಮ ಕಣ್ಣು ಕಿರೀಟಕ್ಕೆ, ಜಡೆಗೆ, ಹೂವಿಗೆ ಹೋಗಬೇಕು. ನೆರೆಯ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ರಚಿತವಾದ, ಈಗ ಡಬ್ಲಿನ್ ನಗರದಲ್ಲಿರುವ ಯೋಗಿನಿಯ ಚಿತ್ರವನ್ನು ನೋಡಿ. ಮೈತುಂಬ ಒಡವೆಗಳಿದ್ದರೂ ಅವಳ ಕೂದಲು ನೆತ್ತಿಯ ಮೇಲೆ ಗಂಟಾಗಿದೆ. ಅವಳು ಮನೆಯ ಹೆಣ್ಣಲ್ಲವೆಂದು ಆ ಗಂಟೇ ಸಾರುತ್ತದೆ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇದು ಹೊಸದೆನಿಸುವುದಿಲ್ಲ. ಪಂಪ ರನ್ನರಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಒಂದು ಯುದ್ಧವನ್ನೇ ಹೊತ್ತು ನಿಂತಿದೆ. ಕನ್ನಡದಲ್ಲಿ ಮುಡಿಯೆಂದರೆ ತುರುಬೂ ಹೌದು, ಹೂವನ್ನು ಧರಿಸುವ ಕ್ರಿಯೆಯೂ ಹೌದು. ಹೂವಿಲ್ಲದ ಮುಡಿಯನ್ನು ಭಾಷೆಯೇ ಅಪೂರ್ಣವೆಂದು ಬಗೆದಂತಿದೆ.

ಹಾಗಾದರೆ ಹೂವನ್ನು ಕಳೆದುಕೊಂಡವಳ ಗತಿಯೇನು? ಬ್ರಾಹ್ಮಣ ವಿಧವೆಯರ ತಲೆ ಬೋಳಿಸುತ್ತಿದ್ದರು. ಬೇರೆ ಅನೇಕ ಜನವರ್ಗಗಳಲ್ಲಿ ಕೂದಲು ಉಳಿದರೂ ಹೂವು ಉಳಿಯುತ್ತಿರಲಿಲ್ಲ. ನಾನು ಕಂಡ ಸುರಪುರದ ಚಿತ್ರಗಳಲ್ಲಿ ಇಂಥವಳಿಗೆ ಎಡೆಯಿಲ್ಲ. ಆದರೆ ಸುರಪುರದ ಇತಿಹಾಸದಲ್ಲಿ ಎಡೆಯುಂಟು. 1841ರಲ್ಲಿ ಇಲ್ಲಿಗೆ ಬಂದ ಮೆಡೋಸ್ ಟೇಲರನಿಗೆ ರಾಜಕಾರಣದಲ್ಲಿ ಎದುರಾದವಳು ಬಾಲಕ ವೆಂಕಟಪ್ಪ ನಾಯಕನ ವಿಧವೆ ತಾಯಿ, ರಾಣಿ ಈಶ್ವರಮ್ಮ. 1877ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಟೇಲರ್ ಅವಳನ್ನು ಕುರಿತು ಬರೆದಿದ್ದಾನೆ. ಹೀಗೆ ಅವಳ ಭಾವಚಿತ್ರವನ್ನು ನಾವು ಅವಳ ಎದುರಾಳಿಯ ಮಾತಿನಲ್ಲಿ ಹುಡುಕಬೇಕಾಗಿದೆ.

ಕುಂಚ ಹಿಂಜರಿದ ಕಡೆ ಕನ್ನಡದ ಲೇಖನಿ ಮುಂದುವರಿಯಿತು. 1976ರಲ್ಲಿ ಎಂ. ಕೆ. ಇಂದಿರಾ ಅವರು ‘ಫಣಿಯಮ್ಮ’ ಕಾದಂಬರಿಯಲ್ಲಿ ಬೋಳುತಲೆಯ ಬಾಲವಿಧವೆಯನ್ನೇ ನಾಯಿಕೆಯಾಗಿಸಿ, ಮುಡಿಯಿಲ್ಲದವಳಿಗೂ ಮುಖವುಂಟೆಂದು ತೋರಿಸಿದರು.

ಸುರಪುರದ ಕುಂಚಗಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಸಮಾಜ ಕೊಟ್ಟ ಸಂಕೇತಗಳಲ್ಲಿ ಅವರು ಶ್ರದ್ಧೆಯಿಂದ ಬರೆದರು. ಆದರೆ ಆ ಚಿತ್ರಗಳ ಮುಂದೆ ನಿಂತಾಗ ಚಿನ್ನದ ಜಡೆಬಿಲ್ಲೆಯ ಹೊಳಪನ್ನು ಮೆಚ್ಚುವುದರ ಜೊತೆಗೆ, ಚೌಕಟ್ಟಿನೊಳಗೆ ಬಾರದೆ ಹೋದ ಹೆಣ್ಣುಮಕ್ಕಳನ್ನೂ ನೆನೆಯುವುದು ಇತಿಹಾಸದ ಓದುಗನ ಕರ್ತವ್ಯ.