ಉಳಿಗೆ ಒಲಿದ ಕಲ್ಲು

ಸ್ಲೇಟಿನ ಮೇಲೆ ಬಳಪ ಹಿಡಿದು ಅಕ್ಷರ ತಿದ್ದಿದ ನೆನಪು ಹಿರಿಯ ಓದುಗರಲ್ಲಿ ಹಲವರಿಗೆ ಇರಬಹುದು. ಆ ಬಳಪಕ್ಕೂ ಬೇಲೂರಿನ ಮದನಿಕೆಯರಿಗೂ ಹತ್ತಿರದ ನಂಟಿದೆ. ಎರಡೂ ಮೃದು ಶಿಲೆಗಳ ಒಂದೇ ಕುಟುಂಬಕ್ಕೆ ಸೇರಿದವು. ಹೊಯ್ಸಳ ದೇವಾಲಯಗಳನ್ನು ಕಂಡವರು ಶಿಲ್ಪಿಯ ಕೈಚಳಕವನ್ನು ಕೊಂಡಾಡುತ್ತಾರೆ. ಆದರೆ ಆ ಕೈಚಳಕಕ್ಕೆ ಅವಕಾಶ ನೀಡಿದ ಕಲ್ಲಿನ ಬಗ್ಗೆ ಯೋಚಿಸುವವರು ಕಡಿಮೆ. ಕನ್ನಡ ನಾಡಿನ ಶಿಲ್ಪಕಲೆಯ ಇತಿಹಾಸವನ್ನು ರಾಜವಂಶಗಳ ಮೂಲಕ ಓದುವಂತೆಯೇ ಶಿಲೆಗಳ ಮೂಲಕವೂ ಓದಬಹುದು.

ಮರಳುಗಲ್ಲು

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಈ ಗುಹೆಗಳನ್ನು ಕೊರೆದದ್ದು ಮರಳುಗಲ್ಲಿನ ಬೆಟ್ಟದಲ್ಲಿ. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ್ದೂ ಮರಳುಗಲ್ಲಿನಿಂದಲೇ. ಮರಳುಗಲ್ಲೆಂದರೆ ಕ್ವಾರ್ಟ್ಸ್ ಕಣಗಳು ಪದರ ಪದರವಾಗಿ ಸಂಚಯವಾಗಿ, ಪರಸ್ಪರ ಬೆಸೆದುಕೊಂಡು ಆದ ಶಿಲೆ. ದೊಡ್ಡ ದೊಡ್ಡ ಚಪ್ಪಡಿಗಳಾಗಿ ದೊರೆಯುವುದು ಇದರ ಅನುಕೂಲ. ಆದರೆ ಇದರಲ್ಲಿ ಕಣದ ಗಾತ್ರಕ್ಕಿಂತ ಸೂಕ್ಷ್ಮವಾದ ಗೆರೆ ನಿಲ್ಲುವುದಿಲ್ಲ. ಉಳಿಯ ಏಟಿಗೆ ಕಣವೇ ಕಳಚಿ ಬೀಳುತ್ತದೆ. ಬಾದಾಮಿಯ ಮೂರ್ತಿಗಳು ಬೃಹತ್ತಾಗಿ, ತುಂಬಿದ ಮೈಯೊಂದಿಗೆ, ಮಿತವಾದ ಆಭರಣಗಳಿಂದ ಕಂಗೊಳಿಸುವುದಕ್ಕೆ ಇದೂ ಒಂದು ಕಾರಣ.

ಬಳಪದ ಕಲ್ಲು

ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬೇರೆ ಕಲ್ಲಿನತ್ತ ತಿರುಗಿದರು. ಲಕ್ಕುಂಡಿಯ ದೇವಾಲಯಗಳಲ್ಲೂ 1112ರ ಇಟಗಿಯ ಮಹಾದೇವ ದೇವಾಲಯದಲ್ಲೂ ಕಾಣುವುದು ಕ್ಲೋರೈಟ್ ಹೆಚ್ಚಾಗಿರುವ ಮೃದು ಶಿಲೆ. ಮುಂದೆ ಹೊಯ್ಸಳರ ಶಿಲ್ಪಿಗಳು ಬೇಲೂರು (1117), ಹಳೇಬೀಡು, ಸೋಮನಾಥಪುರಗಳಲ್ಲಿ ಇದೇ ಬಗೆಯ ಕಲ್ಲನ್ನು ಆರಿಸಿಕೊಂಡರು.

ಮೆಗ್ನೀಸಿಯಂ ಹೆಚ್ಚಾಗಿರುವ ಹಳೆಯ ಅಗ್ನಿಶಿಲೆಗಳು ಭೂಮಿಯ ಒಳಗೆ ಶಾಖ, ಒತ್ತಡ ಮತ್ತು ನೀರಿನ ಪ್ರಭಾವಕ್ಕೆ ಸಿಲುಕಿ ರೂಪಾಂತರ ಹೊಂದಿದಾಗ ಇಂಥ ಶಿಲೆ ಉಂಟಾಗುತ್ತದೆ. ಇದರಲ್ಲಿರುವ ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳದ್ದು ಹಾಳೆಗಳನ್ನು ಜೋಡಿಸಿಟ್ಟಂಥ ರಚನೆ. ಹಾಳೆಗಳ ನಡುವಿನ ಬಂಧ ದುರ್ಬಲ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಟಾಲ್ಕ್‌ನ ಸ್ಥಾನ 1, ಕ್ಲೋರೈಟ್‌ನದು ಸುಮಾರು 2ರಿಂದ 2.5. ನಮ್ಮ ಉಗುರಿನ ಗಡಸುತನ ಸುಮಾರು 2.5, ಕ್ವಾರ್ಟ್ಸ್‌ನದು 7. ಕಣಗಳೂ ಅತಿ ಸಣ್ಣವು. ಹೀಗಾಗಿ ಉಳಿಯ ಮೊನೆ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಸರದ ಒಂದೊಂದು ಮಣಿ, ಬಳ್ಳಿಯ ಒಂದೊಂದು ಸುರುಳಿ ಬಿಡಿಬಿಡಿಯಾಗಿ ಮೂಡಲು ಸಾಧ್ಯವಾದದ್ದು ಇದರಿಂದಲೇ. ಕನ್ನಡಿಯಂತೆ ಹೊಳೆಯುವ ದುಂಡು ಕಂಬಗಳನ್ನು ಚರಕಿಯಂಥ ಸಾಧನದಲ್ಲಿ ತಿರುಗಿಸಿ ಕಡೆದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಅವುಗಳ ಮೇಲಿನ ವೃತ್ತಾಕಾರದ ಗೆರೆಗಳು ಇದನ್ನು ಸೂಚಿಸುತ್ತವೆ.

ಗ್ರಾನೈಟ್

ಹೊಯ್ಸಳರಿಗಿಂತ ಮುಂಚೆಯೇ, ಸುಮಾರು 981ರಲ್ಲಿ, ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಚಾವುಂಡರಾಯ ಸುಮಾರು 57 ಅಡಿ ಎತ್ತರದ ಗೊಮ್ಮಟನನ್ನು ಕಡೆಸಿದ್ದ. ಅದು ಗ್ರಾನೈಟ್. ಇದರ ಮುಖ್ಯ ಖನಿಜಗಳಾದ ಫೆಲ್ಡ್‌ಸ್ಪಾರ್‌ನ ಗಡಸುತನ 6, ಕ್ವಾರ್ಟ್ಸ್‌ನದು 7. ಇಲ್ಲಿ ಉಳಿ ಕಲ್ಲನ್ನು ಕತ್ತರಿಸುವುದಿಲ್ಲ. ಏಟು ಏಟಿಗೂ ಹರಳುಗಳನ್ನು ಜಜ್ಜಿ ಪುಡಿಮಾಡುತ್ತದೆ. ಬಳಿಕ ಉಜ್ಜಿ ನಯಗೊಳಿಸಬೇಕು. ಆಭರಣವೇ ಇಲ್ಲದ ದಿಗಂಬರ ಮೂರ್ತಿ, ವಿಶಾಲವಾದ ನುಣುಪು ಮೈ: ಧರ್ಮದ ಆಶಯವೂ ಕಲ್ಲಿನ ಗುಣವೂ ಇಲ್ಲಿ ಒಂದಕ್ಕೊಂದು ಒದಗಿ ಬಂದಿವೆ.

ಹಾಗಾದರೆ ಕಲ್ಲೇ ಕಲೆಯನ್ನು ನಿರ್ಧರಿಸುತ್ತದೆಯೆ? ಹಾಗೆನ್ನಲಾಗದು. ಹಂಪಿಯ ವಿಠ್ಠಲ ದೇವಾಲಯದ ಶಿಲ್ಪಿಗಳು ಅದೇ ಗ್ರಾನೈಟಿನಲ್ಲಿ ಮೇಲೆದ್ದ ಯಾಳಿಗಳನ್ನೂ ಕಂಬದೊಳಗೆ ಕಂಬಗಳನ್ನೂ ಬಿಡಿಸಿದ್ದಾರೆ. ಕಲ್ಲು ಆಜ್ಞೆ ಮಾಡುವುದಿಲ್ಲ, ಬೆಲೆ ಹೇಳುತ್ತದೆ. ಸಮಯ ಮತ್ತು ಶ್ರಮದ ರೂಪದಲ್ಲಿ ಆ ಬೆಲೆ ತೆರಲು ಸಿದ್ಧನೇ ಎಂಬುದು ಶಿಲ್ಪಿಗೆ ಬಿಟ್ಟದ್ದು.

ಕಲ್ಲನ್ನು ಕೇಳುವುದು

ಜೇಡಿಮಣ್ಣಿನಲ್ಲಿ ತಪ್ಪಿದರೆ ಮತ್ತೆ ಮೆತ್ತಬಹುದು. ಕಲ್ಲಿನಲ್ಲಿ ತೆಗೆದದ್ದು ಹೋದದ್ದೇ. ಆದ್ದರಿಂದ ಶಿಲ್ಪಿಯ ಕೆಲಸ ಕಲ್ಲಿನ ಪರೀಕ್ಷೆಯಿಂದ ಆರಂಭ. ನಮ್ಮ ಶಿಲ್ಪಶಾಸ್ತ್ರಗಳು ತಟ್ಟಿದಾಗ ಬರುವ ನಾದವನ್ನು ಗಮನಿಸಿ ಶಿಲೆಗಳನ್ನು ಪುರುಷ, ಸ್ತ್ರೀ, ನಪುಂಸಕ ಎಂದು ವಿಂಗಡಿಸುತ್ತವೆ. ಹೆಸರು ಏನೇ ಇರಲಿ, ತಟ್ಟಿ ಕೇಳುವುದರ ಹಿಂದೆ ಭೌತವಿಜ್ಞಾನವಿದೆ. ಬಿರುಕಿಲ್ಲದ ಕಲ್ಲಿನಲ್ಲಿ ಕಂಪನ ಸರಾಗವಾಗಿ ಹರಿದು ಗಂಟೆಯಂತೆ ನಾದ ಬರುತ್ತದೆ. ಒಳಗೆ ಬಿರುಕಿದ್ದರೆ ಕಂಪನ ಅಲ್ಲಿ ಚದರಿ ಮಂದ ಸದ್ದಾಗುತ್ತದೆ.

ಕಲ್ಲನ್ನು ಬಲ್ಲ ಇಂಥ ಕೆಲವರ ಹೆಸರು ಉಳಿದಿವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೊರೆದಿದ್ದಾರೆ.

ಕಲ್ಲಿನ ಮೃದುತ್ವ ಇಂದು ಅಪಾಯವೂ ಹೌದು. ಉಳಿಗೆ ಒಲಿದ ಕಲ್ಲು ನಾಣ್ಯ, ಕೀಲಿಕೈಗಳ ಗೀಚಿಗೂ ಸುಲಭವಾಗಿ ಸೋಲುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಶಾಲಾ ಪ್ರವಾಸಕ್ಕೆ ಹೊರಡುವ ಮುನ್ನ ಶಿಕ್ಷಕರು ತರಗತಿಯಲ್ಲಿ ಒಂದು ಬಳಪದ ಚೂರು, ಒಂದು ಗ್ರಾನೈಟ್ ಜಲ್ಲಿ ಮತ್ತು ಒಂದು ಮೊಳೆ ಕೊಟ್ಟು ಮಕ್ಕಳಿಂದ ಗೀಚಿಸಿ ನೋಡಲಿ. ಗೀರು ಎಲ್ಲಿ ಆಳವಾಗಿ ಬಿತ್ತೆಂದು ಕಂಡ ಮಗು ಬೇಲೂರಿನ ಗೋಡೆಯ ಮೇಲೆ ತನ್ನ ಹೆಸರು ಕೊರೆಯಲು ಹಿಂಜರಿಯುತ್ತದೆ.