ಹಸುವಿಗೆ ಇಂಜೆಕ್ಷನ್ ಹಾಕಿಸಿದ ಮೇಲೆ ಎಷ್ಟು ದಿನ ಡೈರಿಗೆ ಹಾಲು ಹಾಕಬಾರದು? ಇಲ್ಲಿದೆ ಪೂರ್ತಿ ಮಾಹಿತಿ

ಚಿತ್ರದುರ್ಗ: ಮಳೆ ಕೈಕೊಟ್ಟ ವರ್ಷ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಎಷ್ಟೋ ಮನೆ ನಡೆಯೋದು ಡೈರಿ ಬಟವಾಡೆ ದುಡ್ಡಿನಿಂದಲೇ. ಅಂಥ ಮನೆಯ ಹಸುವಿಗೆ ಕೆಚ್ಚಲು ಬಾವು ಬಂದರೆ ಎರಡು ನಷ್ಟ. ಔಷಧಿ ಖರ್ಚು ಒಂದು, ಔಷಧಿ ಕೊಡಿಸಿದ ಮೇಲೆ ಕೆಲವು ದಿನ ಹಾಲು ಹಾಕೋ ಹಾಗಿಲ್ಲ ಅನ್ನೋದು ಇನ್ನೊಂದು. ಈ ಎರಡನೇ ನಷ್ಟ ತಪ್ಪಿಸಿಕೊಳ್ಳೋಕೆ ಹಾಲು ಹಾಕಿಬಿಟ್ಟರೆ, ಅದು ಊರಿನವರೆಲ್ಲರ ಹಾಲಿಗೆ ಸೇರುತ್ತದೆ.

ಹಾಲಿಗೆ ಔಷಧಿ ಹೇಗೆ ಬರುತ್ತೆ?

ಕೆಚ್ಚಲು ಬಾವು, ಗರ್ಭಕೋಶದ ಸೋಂಕು, ಗೊರಸಿನ ಹುಣ್ಣು ಇಂಥದಕ್ಕೆ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಮೊಲೆತೊಟ್ಟಿನೊಳಗೆ ಟ್ಯೂಬ್ ಬಿಟ್ಟರೂ, ಇಂಜೆಕ್ಷನ್ ಮಾಡಿದರೂ ಔಷಧಿಯ ಒಂದಷ್ಟು ಅಂಶ ಹಾಲಿನಲ್ಲೇ ಹೊರಗೆ ಬರುತ್ತದೆ. ಬಾವು ಬಂದಿರೋದು ಒಂದು ತೊಟ್ಟಿಗೆ, ಉಳಿದ ಮೂರರ ಹಾಲು ಹಾಕಬಹುದು ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಔಷಧಿ ರಕ್ತದ ಮೂಲಕ ಎಲ್ಲ ತೊಟ್ಟಿಗೂ ಹೋಗಬಹುದು, ಹಾಗಾಗಿ ನಾಲ್ಕೂ ತೊಟ್ಟಿನ ಹಾಲನ್ನು ಬೇರೆ ಇಡಬೇಕು.

ಕಾಯಿಸಿದರೆ ಹೋಗಲ್ವಾ? ಹೋಗಲ್ಲ. ಕಾಯಿಸಿದರೆ ಸಾಯೋದು ರೋಗಾಣು. ಬಹುತೇಕ ಆ್ಯಂಟಿಬಯೋಟಿಕ್ ಮನೆಯಲ್ಲಿ ಕಾಯಿಸೋ ಬಿಸಿಗೆ ಪೂರ್ತಿ ನಾಶ ಆಗಲ್ಲ. ಡೈರಿಯಲ್ಲಿ ನೋಡೋ ಫ್ಯಾಟ್, ಡಿಗ್ರಿಯಲ್ಲೂ ಇದು ಗೊತ್ತಾಗಲ್ಲ, ಅದಕ್ಕೆ ಬೇರೆ ಪರೀಕ್ಷೆಯೇ ಬೇಕು.

ಒಂದು ಕ್ಯಾನ್‌ನಿಂದ ಏನಾಗುತ್ತೆ?

ನಮ್ಮ ಜಿಲ್ಲೆ ಶಿವಮೊಗ್ಗ, ದಾವಣಗೆರೆ ಜೊತೆ ಶಿಮುಲ್ ಒಕ್ಕೂಟಕ್ಕೆ ಸೇರಿದೆ. ಊರಿನ ಸಂಘದಲ್ಲಿ ಹಾಕಿದ ಹಾಲು ಒಟ್ಟಾಗಿ ಶೀತಲ ಘಟಕಕ್ಕೆ, ಅಲ್ಲಿಂದ ಟ್ಯಾಂಕರ್‌ಗೆ ಹೋಗುತ್ತದೆ. ಪೆನ್ಸಿಲಿನ್‌ಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಕೆ.ಜಿ. ಹಾಲಿಗೆ ಬರೀ 4 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ 1 ಗ್ರಾಂ ಪೆನ್ಸಿಲಿನ್ ಹಾಲಿಗೆ ಸೇರಿದರೆ, ಮಿತಿಯೊಳಗೆ ಬರೋಕೆ ಸುಮಾರು ಎರಡೂವರೆ ಲಕ್ಷ ಲೀಟರ್ ಹಾಲು ಬೇಕು. "ಅಷ್ಟು ಹಾಲಲ್ಲಿ ನಮ್ಮದೊಂದು ಎಷ್ಟರದು" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಪೆನ್ಸಿಲಿನ್ ಅಲರ್ಜಿ ಇರೋರಿಗೆ ಇಂಥ ಹಾಲು ತೊಂದರೆ ಕೊಡಬಹುದು. ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಆ್ಯಂಟಿಬಯೋಟಿಕ್ ಬೇಕಾಬಿಟ್ಟಿ ಬಳಸಿದಷ್ಟೂ ರೋಗಾಣುಗಳು ಔಷಧಿಗೆ ಬಗ್ಗದ ಹಾಗೆ ಬೆಳೆಯುತ್ತವೆ. ನಾಳೆ ಮನೆ ಮಗುವಿಗೆ ಜ್ವರ ಬಂದಾಗ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ತುಂಬಾ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿತ್ತು. ಅದರಲ್ಲಿ 77 ಮಾದರಿಗಳಲ್ಲಿ, ಅಂದರೆ ಶೇ 1.2ರಷ್ಟರಲ್ಲಿ, ಆ್ಯಂಟಿಬಯೋಟಿಕ್ ಅಂಶ ಮಿತಿ ಮೀರಿತ್ತು. ಬಹುಪಾಲು ಹಾಲು ಚೆನ್ನಾಗೇ ಇದೆ ಅನ್ನೋದು ಸಮಾಧಾನ. ಆದರೆ ಹಾಲು ಎಲ್ಲರ ಮನೆಗೂ ದಿನಾ ಹೋಗೋ ಪದಾರ್ಥ ಅನ್ನೋದು ಮರೆಯಬಾರದು.

ಎಷ್ಟು ದಿನ ಬಿಡಬೇಕು?

ಪ್ರತಿ ಔಷಧಿಗೂ ಬೇರೆ ಬೇರೆ ಅವಧಿ ಇದೆ. ಜನವರಿ 2012ರಲ್ಲಿ ತಿದ್ದುಪಡಿಯಾದ ಔಷಧ ನಿಯಮದ ಪ್ರಕಾರ ಈ ಅವಧಿಯನ್ನು ಲೇಬಲ್ ಮೇಲೆ ಬರೆದಿರಬೇಕು. ಬರೆದಿಲ್ಲ ಅಂದ್ರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಅಂತ ಲೆಕ್ಕ. ದಿನ ಎಣಿಸಬೇಕಾದ್ದು ಮೊದಲ ಇಂಜೆಕ್ಷನ್‌ನಿಂದ ಅಲ್ಲ, ಕೊನೆಯ ಡೋಸ್‌ನಿಂದ.

ದಿನಕ್ಕೆ 10 ಲೀಟರ್ ಕೊಡೋ ಹಸು, ಲೀಟರ್‌ಗೆ 35 ರೂ. ಅಂತ ಇಟ್ಟುಕೊಂಡರೆ 7 ದಿನಕ್ಕೆ 2,450 ರೂ. ಹೋಗುತ್ತದೆ. ಸಣ್ಣ ರೈತರಿಗೆ ಇದು ಸಣ್ಣ ದುಡ್ಡಲ್ಲ. ಅದಕ್ಕೇ ಇಂಜೆಕ್ಷನ್ ಹಾಕಿಸೋ ಮೊದಲೇ "ಸಾರ್, ಎಷ್ಟು ದಿನ ಹಾಲು ಹಾಕಬಾರದು? ಕಡಿಮೆ ದಿನದ ಔಷಧಿ ಇದೆಯಾ?" ಅಂತ ಡಾಕ್ಟರ್‌ನ ಕೇಳಿ.

ಕೊಟ್ಟಿಗೆಯಲ್ಲಿ ಮಾಡಬೇಕಾದ್ದು

* ಔಷಧಿ ಕೊಟ್ಟ ಹಸುವಿನ ಕೊರಳಿಗೋ ಕಾಲಿಗೋ ಕೆಂಪು ಬಟ್ಟೆ ಕಟ್ಟಿ. ಬೆಳಗ್ಗೆ ಅಮ್ಮ, ಸಂಜೆ ಮಗ ಹಾಲು ಕರೆಯೋ ಮನೆಯಲ್ಲಿ ಮರೆತುಹೋಗೋದು ಸಹಜ.
* ಆ ಹಸುವನ್ನು ಕೊನೆಗೆ ಕರೆಯಿರಿ. ಪಾತ್ರೆ ಬೇರೆ ಇರಲಿ. ಮೆಷಿನ್ ಇದ್ದರೆ ಪೈಪ್ ಪೂರ್ತಿ ತೊಳೆಯಿರಿ.
* ಗೋಡೆ ಕ್ಯಾಲೆಂಡರ್‌ನಲ್ಲೇ ಬರೆದಿಡಿ: ಯಾವ ಹಸು, ಯಾವ ಔಷಧಿ, ಕೊನೆ ಡೋಸ್ ಯಾವತ್ತು, ಯಾವತ್ತಿಂದ ಹಾಲು ಹಾಕಬಹುದು.
* ಆ ಹಾಲನ್ನು ಪಕ್ಕದ ಮನೆಗೆ, ಹೋಟೆಲ್‌ಗೆ ಕೊಡಬೇಡಿ, ಕರುವಿಗೂ ಕುಡಿಸಬೇಡಿ. ಬಾವಿ, ಕೆರೆಯಿಂದ ದೂರ ಗುಂಡಿಗೆ ಹಾಕಿ.
* ಹಾಲು ಬತ್ತಿಸುವಾಗ ಬಿಡೋ ಟ್ಯೂಬ್‌ನ ಅಂಶ ಬಹಳ ದಿನ ಇರುತ್ತದೆ. ಹಸು ಬೇಗ ಕರು ಹಾಕಿದರೆ ಡಾಕ್ಟರ್‌ಗೆ ಹೇಳಿ, ಆಮೇಲೆ ಹಾಲು ಹಾಕಿ.
* ಗುಣ ಆದ ಹಾಗೆ ಕಂಡಿತು ಅಂತ ಔಷಧಿ ಅರ್ಧಕ್ಕೆ ನಿಲ್ಲಿಸಬೇಡಿ.

ಬಾವು ಬರದ ಹಾಗೆ ನೋಡಿಕೊಂಡರೆ ಈ ತಾಪತ್ರಯವೇ ಇರಲ್ಲ. ಕೊಟ್ಟಿಗೆ ಒಣಗಿರಲಿ, ಕೆಚ್ಚಲು ತೊಳೆದು ಒರೆಸಿ. ಹಾಲು ಕರೆದ ತಕ್ಷಣ ತೊಟ್ಟಿನ ತೂತು ತೆರೆದೇ ಇರುತ್ತದೆ, ಅದಕ್ಕೆ ಅರ್ಧ ಗಂಟೆ ಹಸು ಮಲಗದ ಹಾಗೆ ಮೇವು ಹಾಕಿ. ಬಾವಿನ ಶುರುವಿನಲ್ಲೇ ಬಳಸೋಕೆ ಎನ್‌ಡಿಡಿಬಿ ಹೇಳೋ ಮನೆಮದ್ದೂ ಇದೆ: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ, ನೀರು ಬೆರೆಸಿ ದಿನಕ್ಕೆ ಹಲವು ಸಲ ಕೆಚ್ಚಲಿಗೆ ಹಚ್ಚೋದು. ಹಸುವಿಗೆ ಜ್ವರ ಇದ್ದರೆ, ಹಾಲಿನಲ್ಲಿ ರಕ್ತ, ಕೀವು ಬಂದರೆ ತಡ ಮಾಡದೆ ಡಾಕ್ಟರ್‌ನ ಕರೆಸಿ.

ಅಂಗಡಿ, ಹೋಟೆಲ್‌ನವರಿಗೆ

ಹೆಪ್ಪು ಸರಿ ಇದ್ದು, ಹವಾ ಬೆಚ್ಚಗಿದ್ದು, ಆದರೂ ಪದೇ ಪದೇ ಮೊಸರು ಹೆಪ್ಪಾಗದಿದ್ದರೆ ಹಾಲು ಕೊಡೋರನ್ನ ವಿಚಾರಿಸಿ. ಮೊಸರು ಮಾಡೋ ಬ್ಯಾಕ್ಟೀರಿಯಾವನ್ನೂ ಈ ಔಷಧಿ ತಡೆಯುತ್ತದೆ. ಬೇರೆ ಕಾರಣವೂ ಇರಬಹುದು, ಹಾಗಾಗಿ ಇದೊಂದರಿಂದಲೇ ಯಾರನ್ನೂ ದೂರೋಕಾಗಲ್ಲ. ಮೆಡಿಕಲ್ ಅಂಗಡಿಯವರು ಡಾಕ್ಟರ್ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಡೋ ಹಾಗಿಲ್ಲ. ಕೊಡುವಾಗ ಎಷ್ಟು ದಿನ ಹಾಲು ಬಿಡಬೇಕು ಅಂತ ಒಂದು ಮಾತು ಹೇಳಿದರೆ ಊರಿಗೇ ಉಪಕಾರ.

ಪಶು ವೈದ್ಯರು ಬೇಕಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡಿ.